ಹೆಪ್ಪಿನ ಕರಾರು

ಉಲಾನ್‌ಬಾತರಿನಲ್ಲಿ ಸಂಜೆ ಐದು.
ಐಸ್‌ಲ್ಯಾಂಡಿನ ಆಕುರೇಯ್ರಿಯಲ್ಲಿ ಬೆಳಗಿನ ಒಂಬತ್ತು, ಇನ್ನೂ ಕಗ್ಗತ್ತಲೆ.
ನನ್ನ ಕಿಟಕಿಯಿಂದ ಡಿಸೆಂಬರದ ಸೂರ್ಯ ಇಳಿದಾಗಿದೆ,
ಅವಳ ಕಿಟಕಿಗೆ ಬಂದೇ ಇಲ್ಲ.
ಎರಡು ಇರುಳುಗಳ ನಡುವೆ ಒಂದು ಪರದೆ,
ಪರದೆಯಲ್ಲಿ ಥೋರ್‌ಕಾತ್ಲಾಳ ಮೂಗು, ಕಾಫಿ ಲೋಟ,
"ದುಲಾಮ್, ಕೇಳಿಸ್ತಿದೆಯಾ?"
ಏಳು ವರ್ಷದಿಂದ
ನಮ್ಮ ಅರ್ಧ ಸಂಶೋಧನೆ ಈ ಒಂದು ಪ್ರಶ್ನೆ.

ಮೊದಲ ವರ್ಷ ಕುಲಪತಿಗಳ ಕೋಣೆಯಲ್ಲಿ ಸಹಿ.
ಎರಡು ಪುಟ್ಟ ಬಾವುಟ, ನೀಲಿ ರಟ್ಟಿನ ಕಡತ,
"ನಗಿ" ಎಂದ ಫೋಟೋದವನೊಬ್ಬನಿಗೇ
ನಿಜವಾಗಿ ನಗು ಬಂದಿತ್ತು.
ಅನುದಾನದ ಅರ್ಜಿಯಲ್ಲಿ ಹನ್ನೊಂದನೆಯ ಕಲಂ:
ನಿಮ್ಮ ಪಾಲಿನ ಬಂಡವಾಳ ಎಷ್ಟು?
ನಮ್ಮ ಮಾತಿನಲ್ಲಿ ಬಂಡವಾಳಕ್ಕೂ ಹೆಪ್ಪಿಗೂ
ಒಂದೇ ಹೆಸರು, ಖೊರೊಂಗೊ.
ದುಡ್ಡಿನ ಜಾಗದಲ್ಲಿ ಸೊನ್ನೆ ಹಾಕಿ
ಪಕ್ಕದಲ್ಲಿ ಬರೆದೆ: ಅಮ್ಮನ ಹೆಪ್ಪು, ಒಂದು ಚಮಚ.
ಯಾರೋ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದರು:
ದಯವಿಟ್ಟು ಯೂರೋದಲ್ಲಿ ತಿಳಿಸಿ.

ಅಮ್ಮ ಕೇಳಿದ್ದು ಬೇರೆ.
ಅರ್ಖಾಂಗಾಯ್ ಗಾಳಿಗೆ ಬೆನ್ನು ಕೊಟ್ಟು
ಚಮರಿಯ ಕೆಚ್ಚಲಿನಿಂದ ಕೈ ತೆಗೆಯದೆ:
"ಯಾರ ಮಗಳು ಆಕೆ?
ನಮ್ಮದು ಕೆಟ್ಟರೆ ತಿರುಗಿ ಕೊಡುತ್ತಾಳಾ?"
ಒಡಂಬಡಿಕೆಯ ಇಪ್ಪತ್ತಾರು ಪುಟ ಮಗುಚಿದರೂ
ಇದಕ್ಕೊಂದು ಕಲಂ ಇರಲಿಲ್ಲ.
"ಕೊಡುತ್ತಾಳೆ" ಅಂದೆ,
ಯಾರನ್ನೂ ಕೇಳದೆ.

ಮೊದಲ ಪೆಟ್ಟಿಗೆ ಇಸ್ತಾಂಬುಲಿನ ಸುಂಕದ ಕಟ್ಟೆಯಲ್ಲಿ
ಹನ್ನೊಂದು ದಿನ ಕೂತು, ಉಬ್ಬಿ, ಬುಸುಗುಟ್ಟಿ ಸತ್ತಿತು.
ಎರಡನೆಯದನ್ನು ನಾನೇ ಒಯ್ದೆ,
ಮೂರು ವಿಮಾನ, ಹದಿನಾಲ್ಕು ಅನುಮತಿ ಪತ್ರ,
ಉಣ್ಣೆಯ ಕಾಲುಚೀಲದೊಳಗೆ ಒಂದು ಸೀಸೆ.
ಅಲ್ಲಿ ಅದಕ್ಕೆ ನಂಬರು ಬಿತ್ತು: ಎಕೆ ೧೧೭.
ಅಮ್ಮ, ಅಜ್ಜಿ, ಅಜ್ಜಿಯ ಅತ್ತೆ
ಕಿರುಬೆರಳಿನ ನಳಿಗೆಯಲ್ಲಿ, ಮೈನಸ್ ಎಂಬತ್ತರಲ್ಲಿ.

ಜಗಳವೂ ಆಯಿತು.
ಪ್ರಬಂಧದಲ್ಲಿ ನನ್ನ ಹೆಸರು ಐದನೆಯದು.
ಅಕಾರಾದಿ, ಅಂದಳು.
ಯಾರ ಅಕ್ಷರಮಾಲೆ, ಅಂದೆ.
ಎಂಟು ತಿಂಗಳು ಬರೀ "ಗೌರವಪೂರ್ವಕ" ಪತ್ರಗಳು.
ಆಮೇಲೆ ಒಂದು ದಿನ ಆರು ವಿದ್ಯಾರ್ಥಿಗಳ ಸಮೇತ ಬಂದಿಳಿದು
ನಮ್ಮ ನಲವತ್ತು ಮಕ್ಕಳೆದುರು
ಅವರ ಕಡೆಯ ಗಟ್ಟಿ ಮೊಸರು, ಸ್ಕೀರ್, ಮಾಡಿ ತೋರಿಸಿದಳು.
ಹಿಂದಿನ ಬೆಂಚಿನ ಬತ್‌ಜರ್ಗಲ್ ಬೆರಳು ನೆಕ್ಕಿ ಹೇಳಿದ:
"ಚೆನ್ನಾಗಿದೆ. ಆದರೆ ಇದಕ್ಕೆ ಸಿಟ್ಟೇ ಇಲ್ಲ."
ದುಭಾಷಿ ತಡವರಿಸಿದ.
ಥೋರ್‌ಕಾತ್ಲಾ ಅದನ್ನು ಬರೆದುಕೊಂಡಳು, ಎರಡು ಸಲ ಅಡಿಗೆರೆ ಎಳೆದು.
ಮುಂದಿನ ಪ್ರಬಂಧ ಹುಳಿಯ ಬಗ್ಗೆ.
ಹೆಸರುಗಳಲ್ಲಿ ಅವನದೂ ಇತ್ತು.

ಮತ್ತೆ ಝುಡ್ ಬಂತು.
ಹುಲ್ಲಿನ ಮೇಲೆ ಹಿಮ ಗಾಜಾಗುವ ಚಳಿಗಾಲ,
ಕಾಣುವ ಮೇವಿಗೆ ಬಾಯಿ ಹಾಕಲಾಗದೆ
ಚಮರಿಗಳು ನಿಂತಲ್ಲೇ ಸತ್ತವು.
ಹಾಲಿಲ್ಲದೆ ಅಮ್ಮನ ಹೆಪ್ಪು ಹೋಯಿತು, ನೆರೆಯವರದೂ.
ಊರಲ್ಲಿ, ಹೊರಗೆ ಮೈನಸ್ ಮೂವತ್ತೆಂಟು ಇರುವಾಗ,
ನಮ್ಮ ಫ್ರೀಜರು ಕೆಟ್ಟು
ಪ್ರಯೋಗಾಲಯದ ನೆಲವೆಲ್ಲ ನೀರು. ನಕ್ಕುಬಿಟ್ಟೆ.
ಆಮೇಲೆ ಒಂದೇ ಸಾಲು ಬರೆದೆ:
ನಮ್ಮದು ಕೆಟ್ಟಿತು.

ಆಕೆ ಕಡತ ತೆರೆಯಲಿಲ್ಲ.

ಮೇ ತಿಂಗಳು. ಜೀಪು ಕೆಸರಿನಲ್ಲಿ ಎರಡು ಸಲ ಹೂತು
ಅಮ್ಮನ ಉಣ್ಣೆಗುಡಾರ ಮುಟ್ಟುವಾಗ ಹೊತ್ತು ಮುಳುಗಿತ್ತು.
ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಚಾಚಿದಳು ಥೋರ್‌ಕಾತ್ಲಾ,
ನಾನು ಕಲಿಸಿಕೊಟ್ಟ ಹಾಗೆಯೇ.
ಅಮ್ಮ ಕೈ ನೀಡಲಿಲ್ಲ.
"ಕತ್ತಲಾದ ಮೇಲೆ ಹೆಪ್ಪು ಕೊಡುವುದಿಲ್ಲ, ಕೊಳ್ಳುವುದಿಲ್ಲ."
ಏನಂತೆ?
ಡ್ರೈ ಐಸ್ ಬೆಳಗಿನವರೆಗೆ ತಡೆಯುತ್ತಾ, ಅಂದೆ.
ಲೆಕ್ಕ ಹಾಕಿದಳು. ಬೂಟು ಕಳಚಿದಳು.

ಅಮ್ಮ ಪಾತ್ರೆ ತೊಳೆದು ಬೋರಲಿಟ್ಟು
ಗೋಡೆಯ ಕಡೆ ತಿರುಗಿ ಮಲಗಿದಳು.
ಒಲೆಯ ಪಕ್ಕದಲ್ಲಿ ಪೆಟ್ಟಿಗೆ ಸಣ್ಣಗೆ ಬಿಳಿ ಉಸಿರು ಬಿಡುತ್ತಿತ್ತು.
"ನಮ್ಮಲ್ಲಿ ಈಗ ಮಟಮಟ ಮಧ್ಯಾಹ್ನ"
ಅಂದಳು ಥೋರ್‌ಕಾತ್ಲಾ, ಅಮ್ಮನ ಬೆನ್ನಿಗೆ, ಮೆಲ್ಲಗೆ.
ನಾನು ಅದನ್ನು ಅನುವಾದಿಸಲಿಲ್ಲ.